ಬಾಗಿಲ ಹೊರಗಿದ್ದವರಿಗೆ ಹೇಳುವವರು ಯಾರು?

2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯ ನಮ್ಮ ಆಳಂದ ತಾಲ್ಲೂಕಿನ ಕಡಗಂಚಿಯಲ್ಲೇ ಇದೆ. ಖಜೂರಿಯಿಂದ ಬಸ್ಸು ಹತ್ತಿದರೆ ಹೋಗಿಬರುವಷ್ಟು ದೂರ. ಹೊಸ ವಿದ್ಯಾರ್ಥಿಗಳಿಗೆ ದಾರಿ ತೋರಿಸಲು ಯುಜಿಸಿ 2019ರಲ್ಲಿ ‘ದೀಕ್ಷಾರಂಭ’ ಎಂದು ದೇಶಕ್ಕೆಲ್ಲ ಮಾರ್ಗಸೂಚಿ ಕೊಟ್ಟಿತು. ಒಳ್ಳೆಯದೇ. ಆದರೆ ಅದು ಸೀಟು ಸಿಕ್ಕವರಿಗೆ! ಇಂಥ ವಿಶ್ವವಿದ್ಯಾಲಯಗಳಲ್ಲಿ ಪದವಿಗೆ ಸೇರಲು 2022ರಿಂದ ಸಿಯುಇಟಿ ಎಂಬ ಪ್ರವೇಶ ಪರೀಕ್ಷೆ ಬಂದಿದೆ. ಪಿಯುಸಿ ಫಲಿತಾಂಶಕ್ಕೆ ಕಾಯದೆ ಅರ್ಜಿ ಹಾಕಬೇಕು, ಕನ್ನಡದಲ್ಲೂ ಬರೆಯಬಹುದು. ಇಷ್ಟನ್ನು ನಮ್ಮೂರ ಹುಡುಗಿಗೆ ಹೇಳಿದವರು ಯಾರು? ಅವಳಿಗೆ ಗೊತ್ತಾಗುವಷ್ಟರಲ್ಲಿ ಗಡುವು ಮುಗಿದು, ಮನೆಯಲ್ಲಿ ಲಗ್ನದ ಮಾತು ಶುರುವಾಗಿರುತ್ತದೆ. ಆಮೇಲೆ ‘ಹಳ್ಳಿ ಹುಡುಗಿಯರಿಗೆ ಓದಿನ ಆಸಕ್ತಿಯಿಲ್ಲ’ ಎಂಬ ಭಾಷಣ ಬೇರೆ! ಸ್ವಾಮಿ, ಹಾರ ತುರಾಯಿ ಬದಿಗಿಟ್ಟು ಡಿಸೆಂಬರಿನಲ್ಲೇ ನಮ್ಮ ಪಿಯು ಕಾಲೇಜುಗಳಿಗೆ ಬನ್ನಿ. ತಾಯಂದಿರನ್ನೂ ಕೂರಿಸಿಕೊಂಡು, ಕನ್ನಡದಲ್ಲಿ ಹೇಳಿ.