ರ, ಗ, ಸ, ದ, ಅ

ನೇಮಕಾತಿ ಆದೇಶ ಕೈಗೆ ಬಂದಾಗಿನಿಂದ ಆಫೀಸಿನ ಗೆಳೆಯರದ್ದು ಒಂದೇ ಮಾತು: ‘ಸರ್ಕಾರಿ ಕೆಲ್ಸ, ಇನ್ನೇನು ಲೈಫ್ ಸೆಟ್ಲ್ ಬಿಡು!’ ಐದು ವರ್ಷ ಬೆಂಗಳೂರಲ್ಲಿ ಬಿಲ್ಲಿಂಗ್ ಕೆಲಸ ಮಾಡಿದವಳಿಗೆ ಕೇಳೋಕೆ ಹಿತವಾಗಿಯೇ ಇದೆ. ಆದರೆ ನನ್ನ ತಲೆ ತುಂಬ ಇರೋದು 23 ಮಕ್ಕಳು. ವಿಜಯಪುರ ಜಿಲ್ಲೆಯ ಒಂದು ತಾಂಡಾದ ಶಾಲೆ. ಒಂದರಿಂದ ಮೂರನೇ ತರಗತಿವರೆಗೆ ಎಲ್ಲರೂ ಒಂದೇ ಕೋಣೆಯಲ್ಲಿ. ಅದು ನಲಿಕಲಿ, 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಪದ್ಧತಿ.

ಡಿ.ಎಡ್‌ನಲ್ಲಿ ಇದನ್ನ ಓದಿದ್ದೆ. ಅದರ ಜಾಣ್ಮೆ ತಿಳಿದದ್ದು ಮಾತ್ರ ಈಗ, ಕಾರ್ಡುಗಳನ್ನು ನೆಲದ ಮೇಲೆ ಹರವಿಕೊಂಡು ಕೂತಾಗ. ಇಲ್ಲಿ ಅ, ಆ, ಇ, ಈ ಅಂತ ಶುರು ಮಾಡೋದೇ ಇಲ್ಲ. ಮೊದಲು ರ, ಗ, ಸ, ದ, ಅ. ಐದೇ ಅಕ್ಷರ. ನೀವೂ ಜೋಡಿಸಿ ನೋಡಿ: ಸರ, ದರ, ಅರಸ, ಅಗಸ, ದಸರ, ಗರಗಸ! ಕಾಗುಣಿತದ ಗೊಡವೆಯಿಲ್ಲದೆ ಮಗು ಪದ ಓದಿಬಿಡುತ್ತೆ. ಕೂರೋದು ತರಗತಿವಾರು ಅಲ್ಲ, ಐದು ‘ತಟ್ಟೆ’ಗಳಲ್ಲಿ. ಹೊಸದು ಕಲಿಯುವವರ ಜೊತೆ ಟೀಚರ್; ಉಳಿದವರಿಗೆ ಗೆಳೆಯರ ನೆರವು, ಇಲ್ಲವೇ ತಾವೇ.

ತೊಡಕಿರೋದು ಬೇರೆ ಕಡೆ. ಈ ಮಕ್ಕಳ ಮನೆಮಾತು ಲಂಬಾಣಿ. ‘ಅಗಸ’ ಅಂತ ಓದಿದರೂ ಅಗಸ ಅಂದರೆ ಯಾರು ಅಂತ ಗೊತ್ತಿರಬೇಕಲ್ಲ? ಅದಕ್ಕೇ ನಮ್ಮ ಪಿಜಿ ವಾಚ್‌ಮನ್ ಹೆಂಡತಿ ಹತ್ತಿರ ದಿನಾ ಸಂಜೆ ಪಾಠ ಹೇಳಿಸಿಕೊಳ್ತಿದ್ದೀನಿ. ಅವರು ತಾಂಡಾದವರು. ಅಮ್ಮ ಯಾಡಿ, ನೀರು ಪಾಣಿ, ರೊಟ್ಟಿ ಬಾಟಿ. ನನ್ನ ಉಚ್ಚಾರ ಕೇಳಿ ಬಿದ್ದು ಬಿದ್ದು ನಗ್ತಾರೆ. ಮಕ್ಕಳೂ ನಗಲಿ, ಮೊದಲ ದಿನಕ್ಕೆ ಅಷ್ಟಾದರೆ ಸಾಕು.

ಬಣ್ಣದ ಚಾರ್ಟು, ಸ್ಟಿಕ್ಕರು ಎಲ್ಲ ಪಟ್ಟಿ ಮಾಡಿಕೊಂಡು ಮುಖ್ಯ ಗುರುಗಳಿಗೆ ಫೋನ್ ಮಾಡಿದೆ. ‘ಅಕ್ಕೋರ, ಚಾರ್ಟು ಗೀರ್ಟು ಆಮ್ಯಾಲ ತರ್ರಿ. ದೀಪಾವಳಿ ಮುಗದ ಮ್ಯಾಲ ಹತ್ತು ಹುಡುಗೂರು ಅಪ್ಪ ಅವ್ವನ ಕೂಡ ಮಹಾರಾಷ್ಟ್ರಕ್ಕ ಹೋಗ್ತಾವ, ಕಬ್ಬು ಕಡ್ಯಾಕ. ತಿರಗಿ ಬರೂದು ಯುಗಾದಿಗೆ’ ಅಂದರು.

ಅವತ್ತು ರಾತ್ರಿ ಕ್ಯಾಲೆಂಡರ್ ಹಿಡಿದು ಕೂತೆ. ಜೂನ್‌ನಿಂದ ಎಣಿಸಿ, ದಸರೆ ರಜೆ ಕಳೆದರೆ ಆ ಹತ್ತು ಮಕ್ಕಳು ನನಗೆ ಸಿಗೋದು ಹೆಚ್ಚೆಂದರೆ ನಾಲ್ಕು ತಿಂಗಳು ಚಿಲ್ಲರೆ. ನಲಿಕಲಿಯಲ್ಲಿ ಒಂದು ಅನುಕೂಲ ಉಂಟು: ಪ್ರತಿ ಮಗುವಿಗೂ ತನ್ನದೇ ಕಲಿಕಾ ಏಣಿ. ಬಿಟ್ಟು ಹೋದ ಮೆಟ್ಟಿಲಿನಿಂದಲೇ ಮತ್ತೆ ಹತ್ತಬಹುದು, ಫೇಲ್ ಅನ್ನೋ ಮಾತಿಲ್ಲ. ಆದರೆ ಐದು ತಿಂಗಳು ಕಬ್ಬಿನ ಗದ್ದೆಯಲ್ಲಿ ಒಂದಕ್ಷರ ಕಣ್ಣಿಗೆ ಬೀಳದಿದ್ದರೆ ಆ ಮೆಟ್ಟಿಲು ನೆನಪಿರುತ್ತಾ? ಆರು ವರ್ಷದ ಮಗುವಿಗೆ? ನನಗಂತೂ ನಂಬಿಕೆ ಇಲ್ಲ.

ಈಗ ಹಳೇ ಮದುವೆ ಕಾರ್ಡುಗಳನ್ನು ಕತ್ತರಿಸ್ತಾ ಇದ್ದೀನಿ. ಗಟ್ಟಿ ಕಾಗದ, ಬೇಗ ಹರಿಯಲ್ಲ. ಒಂದೊಂದರ ಮೇಲೂ ಒಂದಕ್ಷರ, ಹಿಂದೆ ಚಿತ್ರ. ರಬ್ಬರ್ ಬ್ಯಾಂಡ್ ಹಾಕಿ ಹತ್ತು ಕಟ್ಟು. ದೀಪಾವಳಿ ಹೊತ್ತಿಗೆ ಯಾರು ಎಲ್ಲಿವರೆಗೆ ಕಲಿತಿರ್ತಾರೋ ನೋಡಿ ಉಳಿದದ್ದು ಸೇರಿಸಬೇಕು. ಗಂಟುಮೂಟೆ ಜೊತೆ ಇದನ್ನೂ ಒಯ್ಯೋಕೆ ತಾಯಂದಿರು ಒಪ್ತಾರಾ ಅಂತ ಮುಖ್ಯ ಗುರುಗಳನ್ನ ಕೇಳಿದೆ.

‘ಕೇಳಿ ನೋಡೂಣಂತ. ಮೊದಲ ನೀವು ಬರ್ರಿ’ ಅಂದರು.