ಸೊನ್ನೆ ಟಿಕೆಟಿನ ಹೆಂಗಸು, ಸೊನ್ನೆ ಬಿಲ್ಲಿನ ಗಂಡಸು

ಬೆಳಿಗ್ಗೆ ಎಂಟೂವರೆ ಬಸ್ಸು. ಕಾಲಿಡಲು ಜಾಗವಿಲ್ಲ. ಹೂವಿನ ಬುಟ್ಟಿಯನ್ನು ಮೊಣಕಾಲ ನಡುವೆ ಇಟ್ಟುಕೊಂಡು ಕೂತಿದ್ದ ಹೆಂಗಸೊಬ್ಬಳು ಕಂಡಕ್ಟರಿಗೆ ಆಧಾರ್ ಕಾರ್ಡು ತೋರಿಸಿ ಸೊನ್ನೆ ಟಿಕೆಟು ಹರಿಸಿಕೊಂಡಳು. ಅಷ್ಟಕ್ಕೇ ಹಿಂದಿನ ಸೀಟಿನಿಂದ ಒಬ್ಬ ಮಹಾನುಭಾವರ ವಾಣಿ: ‘ಫ್ರೀ ಬಿಟ್ಟಿದ್ದೇ ಬಿಟ್ಟಿದ್ದು, ಮನೇಲಿ ಒಬ್ರೂ ನಿಲ್ತಿಲ್ಲ ಕಣ್ರೀ. ಎಲ್ರದೂ ಬಸ್ಸಲ್ಲೇ ಸಂಸಾರ!’ ಅಕ್ಕಪಕ್ಕದ ನಾಲ್ಕು ಜನ ನಕ್ಕರು. ಹೂವಿನವಳು ತಿರುಗಿಯೂ ನೋಡಲಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗಿನಿಂದ ಇದೇ ಮಾತು ಕೇಳಿ ಕೇಳಿ ಅವಳ ಕಿವಿ ಗಟ್ಟಿಯಾಗಿದೆ.

ಈ ಮಹಾನುಭಾವರ ಮನೆಯ ಕಡೆ ಒಂದು ಸಲ ಹೋಗಿ ನೋಡಬೇಕು. ಗೋಡೆಯ ಮೇಲಿನ ಮೀಟರು ಅವರ ಹೆಸರಿನಲ್ಲೇ ಇರುತ್ತದೆ. ಗೃಹಜ್ಯೋತಿ 2023ರ ಆಗಸ್ಟಿನಲ್ಲಿ ಬಂದ ಮೇಲೆ 200 ಯೂನಿಟ್ ಮಿತಿಯೊಳಗೆ ಅವರಿಗೂ ಸೊನ್ನೆ ಬಿಲ್ಲು. ತೋಟವಿದ್ದರೆ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೂ ಕರೆಂಟು ಪುಕ್ಕಟೆ. ಅದಂತೂ ಶಕ್ತಿ, ಜ್ಯೋತಿ ಎಲ್ಲಕ್ಕಿಂತ ಹಳೇದು. ಪಹಣಿಯಲ್ಲಿ ಹೆಸರು ಯಾರದು ಅಂತ ಕೇಳುವುದೇ ಬೇಡ. ಅವರು ಅರವತ್ತು ದಾಟಿದ್ದರೆ ಇದೇ ಬಸ್ಸಿನಲ್ಲಿ ಹಿರಿಯ ನಾಗರಿಕರ ರಿಯಾಯಿತಿಯೂ ಉಂಟು. ಇಷ್ಟಾದರೂ ಯಾರಾದರೂ ಅವರ ಮುಖಕ್ಕೆ ‘ಏನ್ ಸ್ವಾಮಿ, ಫ್ರೀ ಕರೆಂಟು ಅಂತ ಫ್ಯಾನಿನ ಕೆಳಗೇ ಸಂಸಾರ ಹೂಡಿದ್ರಾ’ ಅಂದದ್ದುಂಟೇ? ಮನೆಯ ದೀಪ ಹೆಂಗಸರಿಗೂ ಉರಿಯುತ್ತದೆ, ಒಪ್ಪೋಣ. ಆದರೆ ಒಂದೇ ಖಜಾನೆಯಿಂದ ಬಂದ ಎರಡು ಸೊನ್ನೆಗಳಲ್ಲಿ ಒಂದು ಸೌಲಭ್ಯ, ಇನ್ನೊಂದು ಭಿಕ್ಷೆ ಆದದ್ದು ಹೇಗೆ?

ಗುಟ್ಟು ಟಿಕೆಟಿನಲ್ಲಿಲ್ಲ. ಹೆಂಗಸು ಹೊಸಿಲು ದಾಟಿದಳಲ್ಲ, ಅಲ್ಲಿದೆ. ಮನೆಯೊಳಗೆ ಉರಿಯುವ ಬಿಟ್ಟಿ ದೀಪ ಯಾರ ಕಣ್ಣಿಗೂ ಚುಚ್ಚುವುದಿಲ್ಲ. ಬಿಟ್ಟಿ ಟಿಕೆಟು ಹಿಡಿದು ಹೊರಟವಳು ಮಾತ್ರ ಎಲ್ಲಿಗೆ, ಯಾಕೆ, ಯಾವಾಗ ವಾಪಸು ಅಂತ ಊರಿಗೆಲ್ಲ ಲೆಕ್ಕ ಒಪ್ಪಿಸಬೇಕು. ಬಸ್ ಸ್ಟ್ಯಾಂಡಿನ ಎದುರಿನ ಟೀ ಅಂಗಡಿಯಲ್ಲಿ ಎರಡು ಗಂಟೆ ಕೂತು ಪೇಪರಿನ ಮೂಲೆಮೂಲೆ ಓದುವ ಗಂಡಸಿಗೆ ‘ಯಾಕ್ ಬಂದ್ರಿ ಪೇಟೆಗೆ’ ಅಂತ ಯಾರೂ ಕೇಳುವುದಿಲ್ಲ. ಅವನಿಗೆ ಕೆಲಸವಿರುತ್ತದೆ. ಏನು ಕೆಲಸ ಅನ್ನೋದು ಅವನಿಗೂ ಗೊತ್ತಿರೋದಿಲ್ಲ, ಅದು ಬೇರೆ ವಿಷಯ.

ದೇವರ ಮಾತಿಗೂ ಇದೇ ತಕ್ಕಡಿ. ಪ್ರತಿ ವರ್ಷ ಮಾಲೆ ಹಾಕಿ, ವ್ಯಾನು ಮಾಡಿಕೊಂಡು ಶಬರಿಮಲೆಗೆ ಹೋಗಿಬರುವ ಗಂಡಸರದು ಭಕ್ತಿ. ಬರುವಾಗ ಸಮುದ್ರ, ಜಲಪಾತ ಎಲ್ಲ ನೋಡಿಕೊಂಡು ಬಂದರೂ ಭಕ್ತಿಯೇ. ನಾಲ್ಕು ಜನ ಹೆಂಗಸರು ಸೇರಿ, ಇಪ್ಪತ್ತು ವರ್ಷದಿಂದ ಬಾಕಿ ಉಳಿದಿದ್ದ ಹರಕೆ ತೀರಿಸಲು ಧರ್ಮಸ್ಥಳದ ಬಸ್ಸು ಹತ್ತಿದರೆ ಮಾತ್ರ ಅದು ‘ಫ್ರೀ ಟೂರು’. ಹೋದ ಅಂದುಕೊಳ್ಳಿ, ಟೂರೇ ಸರಿ! ಮದುವೆಯಾದಂದಿನಿಂದ ತವರು ಮತ್ತು ಆಸ್ಪತ್ರೆ ಬಿಟ್ಟು ಮೂರನೇ ಊರು ಕಾಣದವಳು ಒಂದು ದಿನ ಕಿಟಕಿ ಪಕ್ಕ ಕೂತು ಘಾಟಿ ನೋಡಿದರೆ ಯಾರ ಗಂಟು ಹೋಯಿತು?

‘ನಮ್ಮ ಗಂಟು ಹೋಯ್ತು, ಚಾರ್ಜು ಏರಿಸಿದ್ರಲ್ಲ’ ಅನ್ನುವ ವಾದ ಒಂದಿದೆ. 2025ರ ಜನವರಿಯಲ್ಲಿ ಶೇಕಡಾ 15ರಷ್ಟು ದರ ಏರಿದ್ದು ನಿಜ. ಆದರೆ 2020ರ ಫೆಬ್ರವರಿಯಲ್ಲೂ ಕೆಎಸ್‌ಆರ್‌ಟಿಸಿ ಶೇಕಡಾ 12ರಷ್ಟು ಏರಿಸಿತ್ತು. ಆಗ ಶಕ್ತಿಯೂ ಇರಲಿಲ್ಲ, ಸೊನ್ನೆ ಟಿಕೆಟೂ ಇರಲಿಲ್ಲ. ಆಗ ಬೈಸಿಕೊಂಡದ್ದು ಡೀಸೆಲ್ಲು. ಈಗ ಡೀಸೆಲ್ಲಿನ ಜಾಗದಲ್ಲಿ ಹೂವಿನವಳು ಕೂತಿದ್ದಾಳೆ, ಅಷ್ಟೇ ವ್ಯತ್ಯಾಸ. ಸೊನ್ನೆ ಟಿಕೆಟಿನ ದುಡ್ಡನ್ನು ಸರ್ಕಾರ ನಿಗಮಗಳಿಗೆ ಕಟ್ಟಿಕೊಡಬೇಕು. ಸಕಾಲಕ್ಕೆ, ಪೂರ್ತಿ ಕಟ್ಟುತ್ತಿದೆಯೇ ಅಂತ ವಿಧಾನಸೌಧವನ್ನು ಕೇಳುವುದು ನ್ಯಾಯ. ಬುಟ್ಟಿ ಹಿಡಿದವಳನ್ನು ಕೇಳುವುದು ಸುಲಭ.

ಬಸ್ಸುಗಳು ತುಂಬಿ ತುಳುಕುತ್ತಿರುವುದು ಸುಳ್ಳಲ್ಲ. ಶಾಲೆ ಮಕ್ಕಳು ಬಾಗಿಲಲ್ಲಿ ಜೋತಾಡುತ್ತವೆ, ಸ್ಟಾಪಿನಲ್ಲಿ ಕೈ ಅಡ್ಡ ಹಾಕಿದರೂ ಡ್ರೈವರು ಕಾಣದವನಂತೆ ಹೊಡೆದುಕೊಂಡು ಹೋಗುತ್ತಾನೆ. ಇದಕ್ಕೆ ಬೇಕಾದ್ದು ಇನ್ನಷ್ಟು ಬಸ್ಸು. ಅದು ಬಿಟ್ಟು ಸೀಟಿನ ಜಗಳ ಶುರುವಾಗಿದೆ. ಕೆಎಸ್‌ಆರ್‌ಟಿಸಿ ಬಸ್ಸುಗಳಲ್ಲಿ ಶೇಕಡಾ 50 ಸೀಟು ಗಂಡಸರಿಗೆ ಅಂತ ಯೋಜನೆಯ ಆದೇಶದಲ್ಲೇ ಇದೆಯಂತೆ ಅಂತ ಕೆಲವರು ಈಗ ಕಾನೂನು ಪಂಡಿತರ ಹಾಗೆ ಒಪ್ಪಿಸುತ್ತಾರೆ. ಇದೆ, ಸುಳ್ಳಲ್ಲ. ಆದರೆ ‘ಮಹಿಳೆಯರಿಗೆ’ ಅಂತ ದಪ್ಪಕ್ಷರದಲ್ಲಿ ಬರೆದ ಬೋರ್ಡಿನ ಕೆಳಗೆ ಇಷ್ಟು ವರ್ಷ ಟವೆಲ್ಲು ಹೊದ್ದು ನಿದ್ದೆ ಹೊಡೆದವರೂ ಇವರೇ ಅಲ್ಲವೇ. ಆಗ ಇವರಿಗೆ ಓದು ಬರುತ್ತಿರಲಿಲ್ಲವೇನೋ ಪಾಪ.

ಪೇಟೆಗೆ ಬನ್ನಿ. ಅಂಗಡಿ ಸಾಹುಕಾರರೂ ಫ್ರೀ ಬಸ್ಸಿನ ಮೇಲೆ ಗೊಣಗುವವರೇ. ಉಳಿದ ಬಸ್ ಚಾರ್ಜು ಬಳೆ, ಬಟ್ಟೆ, ಸ್ಟೀಲ್ ಪಾತ್ರೆಯ ರೂಪದಲ್ಲಿ ಕೊನೆಗೆ ಯಾರ ಗಲ್ಲಾಪೆಟ್ಟಿಗೆಗೆ ಬೀಳುತ್ತದೆ ಅಂತ ಅವರು ಸಂಜೆ ಲೆಕ್ಕ ಮಾಡುವಾಗ ಒಂದು ಗಳಿಗೆ ಯೋಚಿಸಬಹುದು. ಅದಿರಲಿ. ಅದೇ ಸಾಹುಕಾರರ ಬಟ್ಟೆ ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸುವ ಹುಡುಗಿ ಬೆಳಿಗ್ಗೆ ಹತ್ತಕ್ಕೆ ನಿಂತರೆ ರಾತ್ರಿ ಶಟರು ಎಳೆಯುವವರೆಗೂ ನಿಂತೇ ಇರುತ್ತಾಳೆ. ಗಿರಾಕಿ ಇಲ್ಲದಾಗಲೂ ಕೂರುವಂತಿಲ್ಲ. ‘ಕೂತ್ರೆ ಲಕ್ಷಣ ಅಲ್ಲ ಕಣಮ್ಮಾ’ ಅನ್ನುತ್ತಾರೆ, ಮೆತ್ತೆ ಹಾಕಿದ ಕುರ್ಚಿಯಲ್ಲಿ ಕೂತ ಸಾಹುಕಾರರು.

ನೀರು ಕುಡಿಯಲೂ ಅವಳಿಗೆ ಭಯ. ಅಂಗಡಿ ಹುಡುಗ ಟ್ರಾನ್ಸ್‌ಫಾರ್ಮರ್ ಹಿಂದೆ ಹೋಗಿ ಎರಡು ನಿಮಿಷದಲ್ಲಿ ಬರುತ್ತಾನೆ, ಗೋಡೆ ಹಾಳಾದರೂ ಯಾರೂ ಮಾತಾಡುವುದಿಲ್ಲ. ಹುಡುಗಿ ಎಲ್ಲಿಗೆ ಹೋಗಬೇಕು? ಬಸ್ ಸ್ಟ್ಯಾಂಡಿನವರೆಗೆ ನಡೆಯಬೇಕು. ಅಲ್ಲಿ ಎಷ್ಟೋ ಕಡೆ ಗಂಡಸರ ಮೂತ್ರಾಲಯ ಉಚಿತ, ಹೆಂಗಸರ ಕಡೆ ಬಾಗಿಲಲ್ಲೇ ಒಬ್ಬ ಚಿಲ್ಲರೆಗೆ ಕೈ ಚಾಚಿ ಕೂತಿರುತ್ತಾನೆ. ಬಸ್ಸು ಫ್ರೀ ಅಂತ ಬೊಬ್ಬೆ ಹೊಡೆಯುವ ಬಾಯಿಗೆ ಈ ದಂಡ ಮಾತ್ರ ಕಾಣಿಸಿಲ್ಲ.

ಪಕ್ಕದ ಕೇರಳದಲ್ಲಿ, ಕೋಳಿಕ್ಕೋಡಿನ ಮಿಠಾಯಿ ತೆರುವು ಅನ್ನೋ ಪೇಟೆ ಬೀದಿಯಲ್ಲಿ ಹೋರಾಟ ಶುರುವಾದದ್ದು ಇಲ್ಲಿಂದಲೇ. ಪಿ. ವಿಜಿ ಅನ್ನುವ ಟೈಲರ್ ಹೆಂಗಸು ಅಂಗಡಿಗಳ ಹೆಣ್ಣುಮಕ್ಕಳನ್ನು ಕೂಡಿಸಿ ‘ಪೆಣ್‌ಕೂಟ್ಟು’ ಅಂತ ಸಂಘ ಕಟ್ಟಿದರು. ಮೊದಲು ಕೇಳಿದ್ದು ಶೌಚಾಲಯ, ಆಮೇಲೆ ಕೂರಲು ಒಂದು ಸ್ಟೂಲು. ಅಲ್ಲಿನ ದೊಡ್ಡ ಸಂಘಗಳ ಗಂಡಸರು ಮೊದಮೊದಲು ಇದೂ ಒಂದು ಬೇಡಿಕೆಯೇ ಅಂತ ಮೂಗು ಮುರಿದದ್ದೂ ಉಂಟು. ಕೊನೆಗೆ 2018ರಲ್ಲಿ ಕೇರಳ ಸರ್ಕಾರ ಅಂಗಡಿಗಳ ಕಾನೂನು ತಿದ್ದಿ, ಕೆಲಸಗಾರರಿಗೆ ಕೂರಲು ಆಸನ ಕೊಡಲೇಬೇಕು ಅಂತ ಮಾಡಿತು. 2021ರಲ್ಲಿ ತಮಿಳುನಾಡೂ ಅದೇ ದಾರಿ ಹಿಡಿಯಿತು. ಅಲ್ಲಿ ಯಾವ ಬಟ್ಟೆ ಅಂಗಡಿಯೂ ಸ್ಟೂಲು ಹಾಕಿ ಮುಳುಗಿದ್ದು ಕೇಳಿಲ್ಲ. ಇಲ್ಲಿನ ಸಾಹುಕಾರರು ಕಾನೂನಿಗೆ ಕಾಯಬೇಕಾಗಿಯೂ ಇಲ್ಲ, ಪ್ಲಾಸ್ಟಿಕ್ ಸ್ಟೂಲು ಪಕ್ಕದ ಅಂಗಡಿಯಲ್ಲೇ ಸಿಗುತ್ತದೆ.

ಸಂಜೆ ಅದೇ ಹೂವಿನವಳು, ಅದೇ ಬಟ್ಟೆ ಅಂಗಡಿ ಹುಡುಗಿ ಊರ ಕಡೆಯ ಕೊನೇ ಬಸ್ಸಿಗೆ ಓಡುತ್ತಾರೆ. ತಪ್ಪಿದರೆ ಆಟೋಗೆ ದುಡ್ಡಿಲ್ಲ. ದುಡ್ಡಿದ್ದರೂ ಊರ ಬಾಗಿಲಲ್ಲಿ ‘ಇಷ್ಟೊತ್ತಲ್ಲಿ ಎಲ್ಲಿಂದ ಬಂದೆ’ ಅನ್ನುವ ಪ್ರಶ್ನೆ ಕಾದಿರುತ್ತದೆ. ಬೆಳಿಗ್ಗೆ ನಗೆಚಾಟಿಕೆ ಮಾಡಿದ ಮಹಾನುಭಾವರು ಹತ್ತು ಗಂಟೆಗೆ ಬಾರಿನ ಬಾಗಿಲಿಂದ ಬೈಕು ಹತ್ತಿ ಮನೆಗೆ ಬಂದರೆ ಆ ಪ್ರಶ್ನೆ ಹುಟ್ಟುವುದಿಲ್ಲ, ಸಾರು ಬಿಸಿಯಾಗುತ್ತದೆ.

ಡಿಪೋ ಮ್ಯಾನೇಜರ್ ಸಾಹೇಬರು ಆ ರೂಟಿಗೆ ರಾತ್ರಿ ಎಂಟಕ್ಕೆ ಇನ್ನೊಂದು ಬಸ್ಸು ಹಾಕಲಿ. ನಗರಸಭೆಯವರು ಪೇಟೆ ಬೀದಿಯಲ್ಲಿ ಬೀಗವಿಲ್ಲದ, ನೀರಿರುವ, ಕಾಸು ಕೇಳದ ಒಂದು ಹೆಂಗಸರ ಶೌಚಾಲಯ ತೆರೆಯಲಿ. ಉದ್ಘಾಟನೆಗೆ ಹಾರ ಬೇಕಾದರೆ ಹೂವು ಆ ಬುಟ್ಟಿಯಲ್ಲೇ ಇದೆ, ದುಡ್ಡು ಕೊಟ್ಟು ತಗೊಳ್ಳಲಿ.