ಯಾತ್ರಿಗಳ ಸ್ನಾನಗೃಹಕ್ಕೆ ಆಸರೆ ಕಂಬಿ: ವಸತಿಗೃಹಗಳ ಹೊಣೆ

ನಂಜನಗೂಡಿನ ಶ್ರೀಕಂಠೇಶ್ವರಸ್ವಾಮಿ ದೇವಾಲಯಕ್ಕೂ ತಿರುಮಕೂಡಲು ನರಸೀಪುರದ ತ್ರಿವೇಣಿ ಸಂಗಮಕ್ಕೂ ಬರುವ ಯಾತ್ರಿಕರಲ್ಲಿ ವಯೋವೃದ್ಧರು ಅನೇಕರು. ಫಾಲ್ಗುಣ ಮಾಸದ ದೊಡ್ಡ ಜಾತ್ರೆ, 1989ರಲ್ಲಿ ಆರಂಭವಾಗಿ 2025ರ ಫೆಬ್ರವರಿಯಲ್ಲಿಯೂ ಜರುಗಿದ ಕುಂಭಮೇಳ ಮುಂತಾದ ಸಂದರ್ಭಗಳು ಇಲ್ಲಿನ ವಸತಿಗೃಹಗಳಿಗೆ ಆದಾಯದ ಕಾಲ. ಆದರೆ ಹಳೆಯ ಕಟ್ಟಡಗಳ ಸ್ನಾನಗೃಹಗಳಿಗೆ ನುಣುಪಾದ ಟೈಲ್ಸ್ ಹಾಕಿಸುವಾಗ ಶುಚಿತ್ವಕ್ಕೆ ದೊರೆತ ಗಮನ, ಜಾರಿದವರ ಕೈಗೆ ಬೇಕಾದ ಆಸರೆಗೆ ದೊರೆಯಲಿಲ್ಲ. ಈ ಕೊರತೆಯನ್ನು ನೀಗಿಸುವುದು ಮಾಲೀಕರ ಕರ್ತವ್ಯವಾಗಿದೆ.

ರಂಧ್ರ ಕೊರೆದರೆ ಟೈಲ್ಸ್ ಒಡೆದು ಗೋಡೆಗೆ ನೀರಿಳಿಯುವುದೆಂಬ ಆತಂಕ ನಿರಾಧಾರವಲ್ಲ, ಆದರೆ ಪರಿಹಾರವಿದೆ. ಟೈಲ್ಸ್‌ಗೆಂದೇ ಇರುವ ಬಿಟ್ ಬಳಸಿ, ಹೊಡೆತವಿಲ್ಲದೆ ನಿಧಾನವಾಗಿ ಕೊರೆಯಬೇಕು. ನೀರಿನ ಪೈಪು, ಗೀಸರ್ ತಂತಿಗಳ ಜಾಡನ್ನು ಮೊದಲೇ ಗುರುತಿಸಬೇಕು. ತಟ್ಟಿದಾಗ ಟೊಳ್ಳು ಸದ್ದು ಬರುವ ಕಡೆ ಕಂಬಿ ಸಲ್ಲದು. ಭಾರ ಹೊರಬೇಕಾದುದು ಟೈಲ್ಸ್ ಅಲ್ಲ, ಅದರ ಹಿಂದಿನ ಗಟ್ಟಿ ಗೋಡೆ. ಇಟ್ಟಿಗೆ ಅಥವಾ ಗಾರೆ ಸಡಿಲವಾಗಿದ್ದರೆ ಅಲ್ಲಿ ಹೊಸದಾಗಿ ಕಾಂಕ್ರೀಟ್ ತುಂಬಿ ಬೋಲ್ಟ್ ಕೂರಿಸುವುದು ಕ್ಷೇಮ. ಕೊನೆಗೆ ಸಿಲಿಕೋನ್‌ನಿಂದ ರಂಧ್ರದ ಅಂಚನ್ನು ಮುಚ್ಚಬೇಕು. ಗಾಳಿಯ ಹಿಡಿತದಿಂದ ಅಂಟುವ ಕಂಬಿಯಾಗಲಿ, ಟವೆಲ್ ರಾಡ್ ಆಗಲಿ ಮನುಷ್ಯನ ಭಾರಕ್ಕೆ ತಕ್ಕುದಲ್ಲ.

ನಿಂತು ಸ್ನಾನ ಮಾಡುವವರಿಗೆ ನೆಲದಿಂದ ಸುಮಾರು 33ರಿಂದ 36 ಅಂಗುಲ ಎತ್ತರದ ಅಡ್ಡ ಕಂಬಿ ಅನುಕೂಲ. ನಮ್ಮಲ್ಲಿ ಬಕೆಟ್ ಇಟ್ಟುಕೊಂಡು ಸ್ಟೂಲಿನ ಮೇಲೆ ಕುಳಿತು ಸ್ನಾನ ಮಾಡುವ ಹಿರಿಯರೇ ಹೆಚ್ಚು. ಅವರು ಮೇಲೇಳಲು ಪಕ್ಕದ ಗೋಡೆಯಲ್ಲಿ ಲಂಬವಾದ ಕಂಬಿಯೂ ಅಗತ್ಯ.

ಇನ್ನು ವೆಚ್ಚದ ವಿಚಾರ. ದಿನಬಾಡಿಗೆ 7,500 ರೂ. ಮೀರದ ಕೊಠಡಿಗಳಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 5ರ ಜಿ.ಎಸ್.ಟಿ. ಅನ್ವಯವಾಗಿದ್ದು, ಇನ್‌ಪುಟ್ ತೆರಿಗೆಯ ಜಮೆ ದೊರೆಯದು. ಆದುದರಿಂದ ಕಂಬಿಯ ಮೇಲಿನ ತೆರಿಗೆಯೂ ವೆಚ್ಚವೇ ಆಗುತ್ತದೆ. ಆದಾಯ ತೆರಿಗೆಯಲ್ಲಿ ಅದು ದುರಸ್ತಿ ವೆಚ್ಚವೆನಿಸಿದರೆ ಅದೇ ವರ್ಷ, ಬಂಡವಾಳ ವೆಚ್ಚವೆನಿಸಿದರೆ ಸವಕಳಿಯ ಮೂಲಕ ಕಳೆಯಲ್ಪಡುತ್ತದೆ. ಸೊಂಟದ ಮೂಳೆ ಮುರಿದ ಅತಿಥಿಯ ನೋವು, ಬಳಿಕ ಉದ್ಭವಿಸಬಹುದಾದ ಪರಿಹಾರದ ದಾವೆ, ಕೆಟ್ಟ ಹೆಸರು ಇವನ್ನು ಯಾವ ಖಾತೆಗೂ ಹಾಕಿ ಸರಿದೂಗಿಸಲಾಗದು. ಅಂಗವಿಕಲರ ಹಕ್ಕುಗಳ ಅಧಿನಿಯಮ, 2016 ಸಹ ಖಾಸಗಿ ಸೇವಾದಾರರನ್ನು ಸುಗಮತೆಯ ಹೊಣೆಯಿಂದ ಹೊರಗಿಟ್ಟಿಲ್ಲ.

ಎಲ್ಲ ಕೊಠಡಿಗಳನ್ನೂ ಒಮ್ಮೆಗೇ ಸಜ್ಜುಗೊಳಿಸುವುದು ಸಣ್ಣ ಮಾಲೀಕರಿಗೆ ಕಷ್ಟ. ನೆಲಮಹಡಿಯ ಕೊಠಡಿಗಳಿಂದ ಆರಂಭಿಸಿ, ಅವನ್ನು ಹಿರಿಯರಿಗೇ ಮೀಸಲಿಡಬಹುದು. ಎರಡೂ ಊರುಗಳ ಮಾಲೀಕರು ಒಟ್ಟಾಗಿ ಕಂಬಿಗಳನ್ನು ಖರೀದಿಸಿ, ನುರಿತ ಕೆಲಸಗಾರರಿಂದಲೇ ಕೂರಿಸಿದರೆ ಖರ್ಚೂ ಇಳಿಯುತ್ತದೆ, ಕೆಲಸವೂ ಭದ್ರವಾಗುತ್ತದೆ. ಮುಂದಿನ ದೊಡ್ಡ ಜಾತ್ರೆಗೆ ಮುನ್ನ ಈ ಕಾರ್ಯ ಆರಂಭವಾಗುವುದು ಉಚಿತ.